ದೀಪವಿಲ್ಲದ ಊರಲ್ಲಿ ಹಳೇ ಮನೆ ಹುಡುಕುವುದು ಹೇಗೆ

ಸರ್ವೆ ಇಲಾಖೆಯಲ್ಲಿ ನಾನು 31 ವರ್ಷ ದುಡಿದೆ. ಅದರಲ್ಲಿ ಮುಕ್ಕಾಲು ಪಾಲು ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೊಲಗಳಲ್ಲೇ ಕಳೆಯಿತು. ಹಳ್ಳಿಗಳಲ್ಲಿ ನನ್ನನ್ನು ‘ಸರ್ವೆಯಮ್ಮ’ ಅಂತಲೇ ಕರೆಯುತ್ತಿದ್ದರು. ಎಲ್ಲೆ ಗುರುತಿಸುವ ಹದ್ದುಬಸ್ತಿಗೋ ಜಮೀನು ಭಾಗ ಮಾಡುವ ಪೋಡಿಗೋ ಹೋದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತಿತ್ತು. ಗ್ರಾಮನಕ್ಷೆಯಲ್ಲಿ ಊರಿದೆ, ಊರಿಗೆ ಹೆಸರಿದೆ, ಎಲ್ಲೆ ಇದೆ, ಸರ್ವೆ ನಂಬರುಗಳಿವೆ. ಹೋಗಿ ನೋಡಿದರೆ ಒಂದು ಮನೆಯೂ ಇಲ್ಲ. ಒಂದು ಹಾಳು ಗುಡಿ, ಎರಡು ಹುಣಸೆ ಮರ, ಸುತ್ತ ರಾಗಿ ಹೊಲ. ದಾಖಲೆಯಲ್ಲಿ ಆ ಹೆಸರಿನ ಪಕ್ಕ ‘ಬೇಚರಾಕ್’ ಎಂದಿರುತ್ತದೆ. ಅದು ಪಾರಸಿಯಿಂದ ಬಂದ ಮಾತು. ‘ಬೇ ಚಿರಾಗ್’ ಅಂದರೆ ದೀಪವಿಲ್ಲದ್ದು.

ಹೊಯ್ಸಳರ ಕಾಲದ ಹಳ್ಳಿಯಲ್ಲಿ ಜನ ಹೇಗೆ ಬದುಕಿದ್ದರು, ಮನೆ ಹೇಗಿತ್ತು ಎಂದು ತಿಳಿಯಬೇಕೆಂದರೆ ಬೇಲೂರು, ಹಳೇಬೀಡಿಗೆ ಹೋಗಿ ಉಪಯೋಗವಿಲ್ಲ. ಅಲ್ಲಿರುವುದು ದೇವರ ಮನೆ. ರೈತನ ಮನೆ ಇಂಥ ಬೇಚರಾಕ್ ಊರಿನ ನೆಲದಲ್ಲಿದೆ. ಅದನ್ನು ನೋಡುವ ಬಗೆಯನ್ನು ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಹೊರಡುವ ಮೊದಲು

ಮೊದಲು ನಕ್ಷೆ ತೆಗೆದುಕೊಳ್ಳಿ. ಗ್ರಾಮನಕ್ಷೆಗಳು ಈಗ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿಕೊಂಡರೆ ಸಾಕು. ನಿಮ್ಮ ಹೋಬಳಿಯ ಊರುಗಳ ಪಟ್ಟಿ ಓದಿ. ನೀವು ಎಂದೂ ಕೇಳಿರದ ಹೆಸರು ಅಲ್ಲಿ ಒಂದೆರಡಾದರೂ ಇರುತ್ತದೆ. ಅದೇ ನೀವು ಹುಡುಕುತ್ತಿರುವುದು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ. ನಾವು 33 ಅಡಿಯ ಸರಪಳಿ ಹಿಡಿದು ಅರ್ಧ ದಿನ ತಿರುಗಿ ಕಂಡುಕೊಳ್ಳುತ್ತಿದ್ದುದು ಈಗ ಒಂದು ನಿಮಿಷದ ಕೆಲಸ.

ಆಮೇಲೆ ಆ ಊರಿನ ಶಾಸನವಿದೆಯಾ ನೋಡಿ. ಹಳೇ ಮೈಸೂರು ಸೀಮೆಯಾದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿವೆ. ಬಿ. ಎಲ್. ರೈಸ್ ಅವರು 1886ರಲ್ಲಿ ಮೊದಲ ಸಂಪುಟ ತಂದರು. ತಾಲ್ಲೂಕುವಾರು ಜೋಡಿಸಿರುವುದರಿಂದ ಹುಡುಕುವುದು ಸುಲಭ. ಪಾಠ ಕನ್ನಡ ಲಿಪಿಯಲ್ಲೇ ಇದೆ. ಮೈಸೂರು ವಿಶ್ವವಿದ್ಯಾನಿಲಯ ಹೊಸದಾಗಿ ಪರಿಷ್ಕರಿಸಿಯೂ ಪ್ರಕಟಿಸಿದೆ. ಜಿಲ್ಲಾ ಕೇಂದ್ರದ ದೊಡ್ಡ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಒಂದು ಎಚ್ಚರ. ಬೇಚರಾಕ್ ಊರೆಲ್ಲ 800 ವರ್ಷ ಹಳೆಯದಲ್ಲ. 1898ರ ನಂತರ ಪ್ಲೇಗ್ ಬಂದಾಗ ಖಾಲಿಯಾದವೂ ಇವೆ. ನೀರು ಬತ್ತಿ ಬಿಟ್ಟವೂ ಇವೆ. ಹಾಗಾಗಿ ಶಾಸನವೋ ವೀರಗಲ್ಲೋ ಗುಡಿಯೋ ಸಾಕ್ಷಿ ಹೇಳುವವರೆಗೆ ಕಾಲವನ್ನು ತೀರ್ಮಾನಿಸಬೇಡಿ. ಶಾಸನದಲ್ಲಿ ಶಕವರ್ಷ ಇದ್ದರೆ ಅದಕ್ಕೆ 78 ಸೇರಿಸಿ. ಶಕ 1100 ಅಂದರೆ ಕ್ರಿ.ಶ. 1178ರ ಆಸುಪಾಸು. ತಿಂಗಳಿನ ಲೆಕ್ಕದಲ್ಲಿ ಒಂದು ವರ್ಷ ಆಚೀಚೆ ಆಗಬಹುದು.

ಹೋಗಬೇಕಾದ ಕಾಲ ಮಾಘ, ಫಾಲ್ಗುಣ. ಕೊಯ್ಲು ಮುಗಿದು ಹುಲ್ಲು ಒಣಗಿರುತ್ತದೆ. ನೆಲ ಮೈ ತೋರಿಸುತ್ತದೆ. ನಡು ಮಧ್ಯಾಹ್ನ ಹೋಗಬೇಡಿ, ಏನೂ ಕಾಣುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬೀಳುವಾಗ ಅರ್ಧ ಅಡಿ ದಿಬ್ಬಕ್ಕೂ ನೆರಳು ಇರುತ್ತದೆ. ಹೊಲದವರನ್ನು ಕೇಳಿ ಒಳಗೆ ಹೋಗಿ. ಎಷ್ಟೋ ಸಲ ಅವರೇ ಜೊತೆಗೆ ಬರುತ್ತಾರೆ.

ಕಣ್ಣಿಂದ ಅಳಿಸಬೇಕಾದ್ದು

ಅಲ್ಲಿ ನಿಂತು ಮೊದಲು ಮಾಡಬೇಕಾದ ಕೆಲಸ ಅಳಿಸುವುದು. ಬಳ್ಳಾರಿ ಜಾಲಿ ಅಳಿಸಿ. ಲಂಟಾನ ಅಳಿಸಿ. ನೀಲಗಿರಿ ತೋಪು, ಕಾಂಗ್ರೆಸ್ ಗಿಡ, ಬೇಲಿಯ ಕತ್ತಾಳೆ, ಪಾಪಸ್ ಕಳ್ಳಿ ಎಲ್ಲ ತೆಗೆಯಿರಿ. ಇವು ಯಾವುವೂ ಆಗ ಇಲ್ಲಿರಲಿಲ್ಲ. ಹುಣಸೆ, ಬೇವು, ಹೊಂಗೆ, ಇಪ್ಪೆ, ಆಲ, ಅರಳಿ ಇರಲಿ.

ಹೊಲದಿಂದ ಮುಸುಕಿನ ಜೋಳ, ಕಡಲೆಕಾಯಿ ತೆಗೆಯಿರಿ. ಅಡಿಗೆಮನೆಯಿಂದ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ತೆಗೆಯಿರಿ. ಅವೆಲ್ಲ ಅಮೆರಿಕ ಖಂಡದಿಂದ 1500ರ ಈಚೆಗೆ ಬಂದವು. ಮೆಣಸಿನಕಾಯಿ ಇಲ್ಲದ ಸಾರು ಹೇಗಿರುತ್ತದೆ ಎಂದು ನಾನು ಒಮ್ಮೆ ಮಾಡಿ ನೋಡಿದೆ. ಹುರುಳಿಕಟ್ಟು, ಹುಣಸೆ, ಕರಿಮೆಣಸು, ಜೀರಿಗೆ, ಉಪ್ಪು. ಚೆನ್ನಾಗಿಯೇ ಇತ್ತು. ಖಾರ ನಾಲಿಗೆಗಿಂತ ಗಂಟಲಿಗೆ ಜಾಸ್ತಿ ತಗಲುತ್ತದೆ. ನೀವೂ ಮಾಡಿ ನೋಡಿ. ಆ ಕಾಲದ ಮನೆಯ ಒಲೆ ಹತ್ತಿರ ಹೋಗಲು ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಕೊನೆಗೆ ಛಾವಣಿಯಿಂದ ಕೆಂಪು ಹೆಂಚನ್ನು ಇಳಿಸಿ. ಮಂಗಳೂರು ಹೆಂಚು ಬಂದಿದ್ದು 1865ರಲ್ಲಿ, ಬಾಸೆಲ್ ಮಿಶನ್‌ನವರು ಕಾರ್ಖಾನೆ ಹಾಕಿದ ಮೇಲೆ. ಅದಕ್ಕೂ ಮುಂಚೆ ಬಡವರ ಮನೆಗೆ ಹುಲ್ಲು, ತೆಂಗಿನ ಗರಿ, ಕಬ್ಬಿನ ಸೋಗೆ. ಮಳೆ ಕಮ್ಮಿ ಇರುವ ಕಡೆ ತೊಲೆ ಇಟ್ಟು ಮಣ್ಣು ಹಾಸಿದ ಮಾಳಿಗೆ.

ನೆಲ ಓದುವುದು

ಈಗ ನಡೆಯಿರಿ. ಗುಡಿಯ ಹತ್ತಿರದಿಂದ ಶುರು ಮಾಡಿ, ಸುತ್ತು ದೊಡ್ಡದು ಮಾಡುತ್ತಾ ಹೋಗಿ. ಮಣ್ಣಿನ ಬಣ್ಣ ನೋಡಿ. ಜನ ನೂರಾರು ವರ್ಷ ಒಲೆ ಬೂದಿ, ಸಗಣಿ, ಕಸ ಸುರಿದ ಜಾಗದ ಮಣ್ಣು ಸುತ್ತಲಿನ ಕೆಂಪು ಮಣ್ಣಿಗಿಂತ ಬೂದಿ ಬಣ್ಣಕ್ಕಿರುತ್ತದೆ, ಹಗುರಾಗಿರುತ್ತದೆ. ಅದರಲ್ಲಿ ಮಡಕೆ ಚೂರುಗಳು ಸಿಗುತ್ತವೆ. ರೈತರು ಈ ಮಣ್ಣನ್ನು ಗೊಬ್ಬರ ಅಂತ ಗಾಡಿಯಲ್ಲಿ ಹೊಡೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಗೋಡೆ ಹುಡುಕಬೇಡಿ. ಮಣ್ಣಿನ ಗೋಡೆ ಬಿದ್ದು ಕರಗಿ ಮಣ್ಣೇ ಆಗಿಹೋಗಿದೆ. ಉಳಿಯುವುದು ಗೋಡೆಯ ಬುಡಕ್ಕೆ ಇಟ್ಟಿದ್ದ ಕಾಡುಕಲ್ಲಿನ ಸಾಲು. ಎರಡು ಸಾಲು ಕಲ್ಲು ಒಂದೂವರೆ ಎರಡು ಅಡಿ ಅಂತರದಲ್ಲಿ ಜೊತೆಯಾಗಿ ಹೋದರೆ ಅದು ಗೋಡೆಯ ದಪ್ಪ. ಒಂದೇ ಸಾಲಾದರೆ ಹೊಲದ ಬದು ಇರಬಹುದು. ನಕ್ಷೆ ನೋಡಿ ಖಚಿತ ಮಾಡಿಕೊಳ್ಳಿ. ಬದುವಾಗಿದ್ದರೆ ನಕ್ಷೆಯ ಗೆರೆಗೆ ಹೊಂದುತ್ತದೆ, ಮನೆಯಾಗಿದ್ದರೆ ಅಡ್ಡಾದಿಡ್ಡಿ ಹೋಗುತ್ತದೆ. ಈ ಒಂದು ಉಪಾಯದಿಂದ ನಾನು ಎಷ್ಟೋ ಸಲ ಮೋಸ ಹೋಗುವುದು ತಪ್ಪಿದೆ.

ಆ ಸಾಲಿನಲ್ಲಿ ಎಲ್ಲಾದರೂ ಚಪ್ಪಟೆ ಕಲ್ಲಿದ್ದು, ಅದರ ಅಂಚಿನಲ್ಲಿ ಬಟ್ಟಲಿನಂಥ ಚಿಕ್ಕ ಕುಳಿ ಇದ್ದರೆ ನಿಲ್ಲಿ. ಅದು ಬಾಗಿಲು. ಆಗಿನ ಕದಕ್ಕೆ ಕೀಲು ಇರುತ್ತಿರಲಿಲ್ಲ. ಕದದ ಮೂಲೆಯ ಗೂಟ ಆ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಕುಳಿಯೊಳಗೆ ಬೆರಳಾಡಿಸಿ, ನುಣುಪಾಗಿರುತ್ತದೆ. ದಿನಾ ಬೆಳಿಗ್ಗೆ ಸಂಜೆ ತೆಗೆದು ಹಾಕಿದ್ದರ ನುಣುಪು ಅದು.

ಮನೆಯ ಒಳಗೆ ಒರಳು, ಬೀಸುಕಲ್ಲಿನ ತುಂಡು ಸಿಗಬಹುದು. ಬಂಡೆ ಇರುವ ಊರಾದರೆ ಹಾಸುಬಂಡೆಯ ಮೇಲೆ ಒಂದೇ ಸಾಲಿನಲ್ಲಿ ನಾಲ್ಕೈದು ಒರಳುಕುಳಿ ಇರುತ್ತವೆ. ಅಲ್ಲಿ ಕೇರಿಯ ಹೆಂಗಸರು ಒಟ್ಟಿಗೆ ಒನಕೆ ಹಿಡಿಯುತ್ತಿದ್ದರು. ನನಗೆ ಗುಡಿಗಿಂತ ಈ ಬಂಡೆಗಳೇ ಹೆಚ್ಚು ಇಷ್ಟ. ಅಳತೆಗೆ ಹೋದಾಗ ಬುತ್ತಿ ಬಿಚ್ಚುತ್ತಿದ್ದುದು ಅಲ್ಲೇ. ಒಂದು ಸಲ ಕುಳಿಗಳ ನಡುವಿನ ಅಂತರ ಅಳೆದೆ. ಇಬ್ಬರು ಒನಕೆ ಎತ್ತಿದರೆ ಮೊಣಕೈ ತಾಗದಷ್ಟೇ ಇತ್ತು.

ಬಾವಿಯ ಕಲ್ಲಿಗೆ ಹಗ್ಗ ಉಜ್ಜಿ ಬಿದ್ದ ಗೀರು ನೋಡಿ. ಗುಡಿಯ ಜಗಲಿಯ ಮೇಲೆ ಕೆತ್ತಿದ ಹುಲಿಕಟ್ಟು ಆಟದ ಮನೆ ನೋಡಿ. ದನ ಕಾಯುವವರು ಆಡಿದ್ದು ಅದು. ಆದರೆ ಅದಕ್ಕೆ ಕಾಲ ಹೇಳುವುದು ಕಷ್ಟ, ಹೋದ ಶತಮಾನದ ಹುಡುಗರೂ ಕೆತ್ತಿರಬಹುದು.

ನೆಲದಲ್ಲಿ ಬಾಯಿ ಕಿರಿದಾಗಿ ಒಳಗೆ ಅಗಲವಾದ ಗುಂಡಿ ಕಂಡರೆ ಅದು ಹಗೇವು. ರಾಗಿ ತುಂಬಿ, ಬಾಯಿಗೆ ಹುಲ್ಲು ಮಣ್ಣು ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಬರಗಾಲದಲ್ಲಿ ಜೀವ ಉಳಿಸುತ್ತಿದ್ದುದು ಇದೇ. ಇದರೊಳಗೆ ಇಳಿಯಲೇಬೇಡಿ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಉಸಿರು ಕಟ್ಟುತ್ತದೆ. ಮೇಲಿಂದ ಟಾರ್ಚ್ ಬಿಟ್ಟು ನೋಡಿ ಸಾಕು. ಬಾಯಿಯ ಸುತ್ತಲಿನ ಮಣ್ಣೂ ಕುಸಿಯಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಕೈ ಹಿಡಿದುಕೊಂಡೇ ಇರಿ.

ಕಲ್ಲು ಓದುವುದು

ನೆಲ ಮನೆ ತೋರಿಸುತ್ತದೆ. ಮನೆಯೊಳಗೆ ಯಾರಿದ್ದರು ಎನ್ನುವುದನ್ನು ಶಾಸನದ ತೆರಿಗೆ ಪಟ್ಟಿ ಹೇಳುತ್ತದೆ. ರಾಜನ ಬಿರುದುಗಳೇ ಹತ್ತು ಸಾಲು ಇರುತ್ತವೆ, ಅವನ್ನು ದಾಟಿ ಕೆಳಗೆ ಬನ್ನಿ. ಅಲ್ಲಿ ಮನೆದೆರೆ ಎಂದಿದ್ದರೆ ಮನೆಗಳ ಮೇಲಿನ ತೆರಿಗೆ. ಗಾಣದೆರೆ ಇದ್ದರೆ ಆ ಊರಲ್ಲಿ ಗಾಣಿಗರ ಮನೆ ಇತ್ತು. ಮಗ್ಗದೆರೆ ಇದ್ದರೆ ನೇಯುವವರು ಇದ್ದರು. ಮದುವೆಗೂ ತೆರಿಗೆ ಇತ್ತು. ಚಿಲ್ಲರೆ ತೆರಿಗೆಗಳಿಗೆಲ್ಲ ಸೇರಿಸಿ ‘ಕಿರುಕುಳ’ ಎನ್ನುತ್ತಿದ್ದರು. ಇವತ್ತು ಆ ಮಾತಿಗೆ ಯಾವ ಅರ್ಥ ಬಂದಿದೆ ನೋಡಿ. ತೆರಿಗೆ ಕಟ್ಟಿದವರ ಅನುಭವ ಆ ಮಾತಿಗೆ ಅಂಟಿಕೊಂಡಿದೆ ಅಂತ ನನಗನ್ನಿಸುತ್ತದೆ.

ಹೀಗೆ ತೆರಿಗೆಯ ಹೆಸರು ಒಂದೊಂದನ್ನೂ ಒಂದು ಮನೆಗೆ ಹೊಂದಿಸಿ. ಊರ ಮುಖ್ಯಸ್ಥ ಗಾವುಂಡನ ಮನೆ, ಲೆಕ್ಕ ಬರೆಯುವ ಸೇನಬೋವನ ಮನೆ, ಕಾವಲಿನ ತಳಾರನ ಮನೆ, ಕುಂಬಾರ, ಕಮ್ಮಾರ, ಗಾಣಿಗ. ಹೊಲದಲ್ಲಿ ಒಂಟಿಯಾಗಿ ದೊಡ್ಡ ಕಲ್ಲುಗಾಣ ಬಿದ್ದಿದ್ದರೆ ಅದರ ಸುತ್ತ ಅಕ್ಷರವಿದೆಯಾ ನೋಡಿ. ಗಾಣ ಮಾಡಿಸಿ ಕೊಟ್ಟವರು ಅದರ ಮೈಮೇಲೇ ಹೆಸರು ಬರೆಸಿದ ಉದಾಹರಣೆಗಳು ಬೇಕಾದಷ್ಟಿವೆ. ಗುಡಿಯ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಸೊಲ್ಲಿಗೆ (ಆಗಿನ ಒಂದು ಅಳತೆ) ಎಣ್ಣೆ ಎಂದು ಕಲ್ಲಿನಲ್ಲಿ ಕಟ್ಟು ಮಾಡಿರುತ್ತಾರೆ. ಸೂರ್ಯ ಚಂದ್ರ ಇರುವವರೆಗೆ ದೀಪ ಉರಿಯಲಿ ಎಂದು ಬರೆದ ಊರು, ನಮ್ಮ ದಾಖಲೆಯಲ್ಲಿ ಬೇಚರಾಕ್. ಮೊದಲ ಸಲ ಇದು ಹೊಳೆದಾಗ ಆ ದಿನ ನನಗೆ ಅಳತೆ ಕೆಲಸ ಮುಂದುವರಿಸಲು ಆಗಲಿಲ್ಲ.

ಆದರೆ ಪಟ್ಟಿಯಲ್ಲಿ ಇಲ್ಲದವರನ್ನೂ ನೆನಪಿಡಿ. ಊರಾಚೆ ಇಟ್ಟ ಕೇರಿಗಳ ಜನರ ಹೆಸರು ಕಲ್ಲಿನ ಮೇಲೆ ಬರುವುದು ತೀರಾ ಕಮ್ಮಿ. ಅವರ ಮನೆಯ ಬುಡಕ್ಕೆ ಕಲ್ಲೂ ಇರಲಿಲ್ಲವೇನೋ. ಗುಡಿ ಸುತ್ತ ಮಾತ್ರ ನೋಡಿ ಬಂದು ‘ಊರು ನೋಡಿದೆ’ ಎಂದರೆ ಅರ್ಧ ಊರನ್ನು ಬಿಟ್ಟಂತೆ. ಕೂಗಳತೆ ದೂರದವರೆಗೂ ಮಡಕೆ ಚೂರು ಹುಡುಕಿ.

ವೀರಗಲ್ಲು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ. ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ದೇವರ ಎದುರು ಅವನು ಕೂತಿರುವುದು. ನೀವು ಕೆಳಗಿನ ಪಟ್ಟಿಕೆಯನ್ನೇ ಹೆಚ್ಚು ಹೊತ್ತು ನೋಡಿ. ಅಲ್ಲಿ ದನಗಳಿದ್ದರೆ ಅದು ತುರುಗೋಳ್, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಟ. ‘ಊರಳಿವು’ ಎಂದಿದ್ದರೆ ಊರನ್ನೇ ಹಾಳು ಮಾಡಲು ಬಂದಿದ್ದರು. ಸತ್ತವನ ಮನೆಯವರಿಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂಬ ಹೆಸರಿತ್ತು. ದನ ಎಂದರೆ ಉಳುಮೆ, ಹಾಲು, ಗೊಬ್ಬರ, ಗಾಡಿ ಎಲ್ಲ. ಅದಕ್ಕಾಗಿ ಜೀವ ಕೊಟ್ಟಿದ್ದು ನಮಗೆ ಆಶ್ಚರ್ಯ, ಅವರಿಗಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಾಯಿಗೂ ಕಲ್ಲು ನಿಲ್ಲಿಸಿದ್ದರು. ಸುಮಾರು 949ರ ಕಲ್ಲು ಅದು. ಕಾಳಿ ಎಂಬ ನಾಯಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಆ ಕಲ್ಲಿಗೆ ದಿನಾ ಪೂಜೆಯಾಗಲಿ ಎಂದು ಭೂಮಿಯನ್ನೂ ಬಿಟ್ಟರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅಕ್ಷರ ಮಾಸಿದ್ದರೆ ಸೀಮೆಸುಣ್ಣ, ಮೈದಾ, ಎಣ್ಣೆ ಏನನ್ನೂ ಬಳಿಯಬೇಡಿ. ಕತ್ತಲಾಗುವವರೆಗೆ ಕಾದು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿಯಿರಿ. ಬೆಳಕು ಅಡ್ಡಡ್ಡ ಹರಿದಾಗ ಹಗಲಲ್ಲಿ ಕಾಣದ ಸಾಲು ಎದ್ದು ಕಾಣುತ್ತದೆ. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ.

ಏನನ್ನೂ ಎತ್ತಿಕೊಂಡು ಬರಬೇಡಿ, ಒಂದು ಮಡಕೆ ಚೂರನ್ನು ಕೂಡ. ಅಗೆಯಬೇಡಿ. ನಿಧಿ ಆಸೆಗೆ ವೀರಗಲ್ಲಿನ ಬುಡ ಅಗೆದು ಕೆಡವಿದ್ದನ್ನು ನಾನು ಮೂರು ಊರಲ್ಲಿ ನೋಡಿದ್ದೇನೆ. ಒಂದು ಕಡೆ ರಸ್ತೆ ಕೆಲಸದವರು ಮಾಸ್ತಿಕಲ್ಲನ್ನು, ಅಂದರೆ ಸತಿ ಹೋದವಳ ನೆನಪಿನ ಕಲ್ಲನ್ನು, ಒಡೆದು ಚರಂಡಿಗೆ ಹಾಕಿದ್ದರು. ಬಳೆ ತೊಟ್ಟ ತೋಳು ಮಾತ್ರ ಕಾಂಕ್ರೀಟಿನಿಂದ ಹೊರಗೆ ಕಾಣುತ್ತಿತ್ತು. ನಾನು ಅಲ್ಲಿಗೆ ಎರಡು ದಿನ ತಡವಾಗಿ ಹೋಗಿದ್ದೆ. ಕಲ್ಲು ಕಂಡರೆ ಸರ್ವೆ ನಂಬರು, ಫೋಟೋ ಸಮೇತ ಪುರಾತತ್ವ ಇಲಾಖೆಗೆ ಬರೆದು ಹಾಕಿ, ಪ್ರತಿ ಇಟ್ಟುಕೊಳ್ಳಿ. ತಡ ಮಾಡಬೇಡಿ.

ಅಂಗಳದಲ್ಲಿ ಮನೆ ಹಾಕುವುದು

ನೋಡಿ ಬಂದ ಮೇಲೆ ಇದನ್ನು ಮಾಡಿ. ನಾಲ್ಕು ಗೂಟ, ಒಂದು ಹಗ್ಗ ಬೇಕು. ಶಾಸನಗಳಲ್ಲಿ ಮನೆ, ನಿವೇಶನದ ಅಳತೆ ‘ಕೈ’ಯಲ್ಲಿ ಬರುತ್ತದೆ. ಕೈ ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಸುಮಾರು ಒಂದೂವರೆ ಅಡಿ. ಹೊಲದ ಅಳತೆಗೆ ಗಳೆ ಎಂಬ ಕೋಲಿತ್ತು. ಬಳ್ಳಿಗಾವಿಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಹೆಸರೇ ಬರುತ್ತದೆ. ಕೋಲು ಊರೂರಿಗೆ ಬೇರೆ, ಹಾಗಾಗಿ ಶಾಸನಗಳಲ್ಲಿ ಹೊಲದ ಅಳತೆಯಾಗಿ ಬರುವ ಮತ್ತರು ಎಂದರೆ ಎಷ್ಟು ಎಕರೆ ಅಂತ ಒಂದೇ ಉತ್ತರವಿಲ್ಲ. ಕೈ ಮಾತ್ರ ನಿಮ್ಮ ಮೈಯಲ್ಲೇ ಇದೆ.

ನಿಮ್ಮ ಕೈಯಿಂದಲೇ 12 ಕೈ ಉದ್ದ, 9 ಕೈ ಅಗಲ ಅಳೆದು ಗೂಟ ಹೊಡೆಯಿರಿ. ನೀವು ಹೊಲದಲ್ಲಿ ಕಲ್ಲುಸಾಲು ಅಳೆದಿದ್ದರೆ ಆ ಅಳತೆಯನ್ನೇ ಹಾಕಿದರೆ ಇನ್ನೂ ಒಳ್ಳೆಯದು. ಹಗ್ಗದೊಳಗೆ ಒಲೆ ಇಡಿ. ಹೊಗೆ ಹೋಗಲು ಕೊಳವೆ ಇಲ್ಲ, ಹುಲ್ಲಿನ ಸೂರೇ ದಾರಿ. ಹೊಗೆಗೆ ಹುಳ ಹತ್ತುವುದಿಲ್ಲ, ಕಣ್ಣು ಮಾತ್ರ ಉರಿಯುತ್ತದೆ. ಒರಳಿಗೆ ಜಾಗ ಕೊಡಿ, ಒನಕೆ ಎತ್ತುವಷ್ಟು. ನೀರಿನ ಮಡಕೆಗಳು, ಬಿತ್ತನೆ ಬೀಜದ ಗುಡಾಣ, ನೇಗಿಲು, ಕಂಬಳಿ. ಕಿಟಕಿ ಇಡಬೇಡಿ.

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಜೊತೆ ಸೇರಿ ಇದನ್ನು ನಮ್ಮ ಅಂಗಳದಲ್ಲಿ ಹಾಕಿದೆ. ಅವಳಿಗೆ ಒಂಬತ್ತು ವರ್ಷ. ಅವಳ ಕೈಯಿಂದ ಅಳೆದರೆ ಮನೆ ಚಿಕ್ಕದಾಯಿತು, ನನ್ನ ಕೈಯಿಂದ ಮತ್ತೆ ಅಳೆದೆವು. ಆರು ಜನ ಮಲಗಲು ಎಲ್ಲಿ ಜಾಗ ಎಂದು ಅವಳು ಚಾಪೆ ಹಾಸಿ ನೋಡಿದಳು. ಸರಿಹೋಯಿತು. ಆಮೇಲೆ ಕೇಳಿದಳು, “ಅಜ್ಜೀ, ಎತ್ತು ಎಲ್ಲಿ ಕಟ್ಟೋದು?”

ನನ್ನ ಅಜ್ಜಿಯ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ಎಡಕ್ಕೆ ದನಗಳಿದ್ದವು. ಒಂದು ಮೆಟ್ಟಿಲು ಎತ್ತರದಲ್ಲಿ ನಾವು ಮಲಗುತ್ತಿದ್ದೆವು. ರಾತ್ರಿ ಎಚ್ಚರವಾದರೆ ಮೆಲುಕು ಹಾಕುವ ಸದ್ದು, ಕೊರಳ ಗೆಜ್ಜೆ ಕೇಳುತ್ತಿತ್ತು. ದನ ಕಳ್ಳತನದ ಭಯ ಅಷ್ಟಿದ್ದ ಕಾಲದಲ್ಲಿ, ವೀರಗಲ್ಲಿನ ಊರಿನವರೂ ಎತ್ತನ್ನು ಹೊರಗೆ ಬಿಟ್ಟು ಮಲಗಿರಲಾರರು ಎಂದು ನನ್ನ ಎಣಿಕೆ. ಅದನ್ನೇ ಅವಳಿಗೆ ಹೇಳಿದೆ.

ಅವಳು ಚಾಪೆಗಳನ್ನೆಲ್ಲ ಒಂದು ಬದಿಗೆ ಒತ್ತರಿಸಿದಳು. ಬಾಗಿಲ ಎಡಕ್ಕೆ ಎರಡು ಚಿಕ್ಕ ಗೂಟ ಹೊಡೆದಳು.